ಮಳೆ ಹಿಡಿದರೆ ಮಗನಿಗೆ ಉಬ್ಬಸ: ಇದು ಅಕ್ಯೂಟೋ ಕ್ರಾನಿಕ್ಕೋ?

ಕಾವೇರಿತೀರ, ನಾಪೋಕ್ಲು:

ಎಲ್ಲರಿಗೂ ನಮಸ್ಕಾರ. ಹೋಮಿಯೋಪತಿ ಬಲ್ಲವರು ಯಾರಾದರೂ ದಯವಿಟ್ಟು ಬಿಡಿಸಿ ಹೇಳಿ. ಮಗನಿಗೆ ಒಂಬತ್ತು ವರ್ಷ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮೂಗು ಸೋರಲು ಶುರು. ಆಮೇಲೆ ರಾತ್ರಿ ಕೆಮ್ಮು, ಅದರ ಹಿಂದೆಯೇ ಎದೆಯಲ್ಲಿ ಸುಯ್ಯೆನ್ನುವ ಸದ್ದು. ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಎಲ್ಲ ಹೋಗಿರುತ್ತದೆ. ಬೇಸಿಗೆ ರಜೆ ಪೂರ್ತಿ ಹಾಕಿ ಸ್ಟಿಕ್ ಹಿಡಿದು ಮೈದಾನದಲ್ಲೇ ಇರುತ್ತಾನೆ.

ಹೋದ ವರ್ಷದಿಂದ ಒಬ್ಬ ಹೋಮಿಯೋ ವೈದ್ಯರಿಗೆ ತೋರಿಸುತ್ತಿದ್ದೇವೆ. ಮೊದಲ ಸಲ ಅವನ ನಿದ್ದೆ, ಬೆವರು, ಭಯ, ಇಷ್ಟದ ತಿಂಡಿ, ನಾನು ಬಸುರಿಯಾಗಿದ್ದಾಗಿನ ಸಂಗತಿ ಎಲ್ಲ ಕೇಳಿ ಬರೆದುಕೊಂಡು, "ಇದು ಕ್ರಾನಿಕ್, ಬುಡದಿಂದ ಹೋಗಬೇಕು, ಸಮಯ ಬೇಕು" ಎಂದರು. ಮೊನ್ನೆ ಜ್ವರ, ಕೆಮ್ಮು ಶುರುವಾಯಿತು. ಫೋನ್ ಮಾಡಿದರೆ "ಇದು ಅಕ್ಯೂಟ್, ಅದೇ ಬೇರೆ ಇದೇ ಬೇರೆ" ಎಂದು ಇನ್ನೊಂದು ಗುಳಿಗೆ ಹೇಳಿದರು. ಮನೆಯಲ್ಲಿ ಮಾವನವರು "ದೊಡ್ಡ ಮದ್ದು ಕೆಲಸ ಮಾಡುವಾಗ ನಡುವೆ ಏನೂ ಕೊಡಬಾರದು, ಬಾಯಿಂದ ಎಳೆಯುವ ಪಫ್ (ಇನ್‌ಹೇಲರ್) ಅಂತೂ ಕೂಡದೇ ಕೂಡದು" ಎನ್ನುತ್ತಾರೆ. ನನಗೆ ತಿಳಿಯದಿರುವುದು ಇದು: ಅದೇ ಮಗು, ಅದೇ ಎದೆ, ಅದೇ ಕೆಮ್ಮು. ಹೋದ ವರ್ಷದ್ದು ಒಂದು ಕಾಯಿಲೆ, ಈ ವಾರದ್ದು ಇನ್ನೊಂದು ಎಂದು ಯಾವ ಆಧಾರದ ಮೇಲೆ ಹೇಳುತ್ತಾರೆ?

ಶನಿವಾರಸಂತೆ ಮೇಷ್ಟ್ರು:

ನಾನು ಇಪ್ಪತ್ತು ವರ್ಷದಿಂದ ಕಜ್ಜಿಗೆ ಹೋಮಿಯೋ ತೆಗೆದುಕೊಳ್ಳುತ್ತಿರುವವನು. ನನಗೆ ತಿಳಿದ ಮಟ್ಟಿಗೆ, ಜೋರಾಗಿ ಬಂದರೆ ಅಕ್ಯೂಟ್, ಹಳೆಯದಾದರೆ ಕ್ರಾನಿಕ್. ನಿಮ್ಮ ವೈದ್ಯರು ಸರಿಯಾಗಿಯೇ ಹೇಳಿದ್ದಾರೆ ಅನ್ನಿಸುತ್ತದೆ.

ಮಡಿಕೇರಿ ಸಿಸ್ಟರ್:

ಅಕ್ಕ, ಆ ಚರ್ಚೆ ಆಮೇಲೆ ಮಾಡೋಣ. ಈಗ ಮಗು ಹೇಗಿದ್ದಾನೆ? ಅಂಗಿ ತೆಗೆಸಿ, ಬೆಳಕಿನಲ್ಲಿ ಕೂರಿಸಿ ನೋಡಿ. ಉಸಿರು ಎಳೆದಾಗ ಪಕ್ಕೆಲುಬಿನ ನಡುವೆ, ಗಂಟಲ ಕೆಳಗೆ ಗುಳಿ ಬೀಳುತ್ತದೆಯೇ? ಒಂದು ವಾಕ್ಯ ಪೂರ್ತಿ ಹೇಳುತ್ತಾನೋ, ಒಂದೊಂದೇ ಮಾತು ಹೇಳಿ ನಿಲ್ಲಿಸುತ್ತಾನೋ? ಮಲಗಲು ಒಪ್ಪದೆ ಮುಂದಕ್ಕೆ ಬಾಗಿ ಕೂರುತ್ತಾನೆಯೇ? ಗಡಿಯಾರ ಇಟ್ಟುಕೊಂಡು ಒಂದು ನಿಮಿಷ ಉಸಿರು ಎಣಿಸಿ. ಈ ವಯಸ್ಸಿಗೆ ಸುಮ್ಮನೆ ಕೂತಿದ್ದಾಗ 30 ದಾಟಿದರೆ ಅದು ಮನೆಯಲ್ಲಿ ನೋಡಿಕೊಳ್ಳುವ ಕಾಯಿಲೆಯಲ್ಲ. ತುಟಿ, ಉಗುರು ನೀಲಿಯಾದರೆ, ತೂಕಡಿಸಿದರೆ, ಒಂದು ಕ್ಷಣವೂ ಕಾಯಬೇಡಿ. ಸುಯ್ ಸದ್ದು ನಿಂತಿತೆಂದು ಸಮಾಧಾನ ಮಾಡಿಕೊಳ್ಳಬೇಡಿ. ಗಾಳಿಯೇ ಓಡಾಡದಷ್ಟು ಬಿಗಿದಾಗಲೂ ಸದ್ದು ನಿಲ್ಲುತ್ತದೆ. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದಲ್ಲಿ ಜೀಪು ಇದ್ದರೆ ಹೊರಟುಬಿಡಿ. ಈ ಮಳೆಯಲ್ಲಿ ರಸ್ತೆಗೆ ಮರ ಬಿದ್ದರೆ ಆಮೇಲೆ ಕಷ್ಟ.

ಕಾವೇರಿತೀರ:

ಗುಳಿ ಬೀಳುತ್ತಿದೆ ಸಿಸ್ಟರ್. ಉಸಿರು 34. ಹೊರಟೆವು.

ವಿರಾಜಪೇಟೆ ಹೋಮಿಯೋ ವೈದ್ಯೆ:

ಸಿಸ್ಟರ್ ಕೇಳಿದ ಪ್ರಶ್ನೆಯೇ ಮೊದಲನೆಯದು. ಹೋಮಿಯೋಪತಿ ಪದವಿ ಬಿಎಚ್‌ಎಂಎಸ್ ಓದಿ ಕ್ಲಿನಿಕ್ ಇಟ್ಟವಳಾಗಿ ಇದನ್ನು ಖಚಿತವಾಗಿ ಹೇಳುತ್ತೇನೆ: ಅಕ್ಯೂಟೋ ಕ್ರಾನಿಕ್ಕೋ ಎನ್ನುವುದಕ್ಕೂ ಮುಂಚೆ, ಇದು ಕಾಯಬಹುದಾದ ಕಾಯಿಲೆಯೇ ಎಂದು ತೀರ್ಮಾನವಾಗಬೇಕು. ಅದು ಪದ್ಧತಿಗೆ ವಿರುದ್ಧವೂ ಅಲ್ಲ. ಉಸಿರುಕಟ್ಟುವುದು, ನೀರಿನಲ್ಲಿ ಮುಳುಗುವುದು, ಸಿಡಿಲು ಬಡಿಯುವುದು, ಇಂಥ ಪ್ರಾಣಾಪಾಯದಲ್ಲಿ ಮೊದಲು ಜೀವ ಹಿಡಿದು ನಿಲ್ಲಿಸುವ ಉಪಾಯ ಮಾಡಬೇಕೆಂದು ಹೋಮಿಯೋಪತಿ ಹುಟ್ಟುಹಾಕಿದ ಹಾನಿಮನ್ ಅವರೇ ತಮ್ಮ ಮೂಲಗ್ರಂಥ ಆರ್ಗನಾನ್‌ನ 67ನೇ ಸೂತ್ರದ ಅಡಿಟಿಪ್ಪಣಿಯಲ್ಲಿ ಬರೆದಿದ್ದಾರೆ.

ಮೇಷ್ಟ್ರೇ, "ಜೋರಾಗಿದ್ದರೆ ಅಕ್ಯೂಟ್" ಎನ್ನುವುದು ಜನರಲ್ಲಿ ಇರುವ ತಿಳಿವಳಿಕೆ, ಆದರೆ ಸರಿಯಲ್ಲ. ಮಾಮೂಲಿ ನೆಗಡಿ ಅಕ್ಯೂಟ್, ಅದರಲ್ಲಿ ಜೋರೇನಿದೆ? ಸಂಧಿವಾತದ ನೋವು ಅಳು ಬರಿಸುವಷ್ಟು ಜೋರು, ಆದರೂ ಅದು ಕ್ರಾನಿಕ್. ಎಷ್ಟು ಹಳೆಯದು ಎನ್ನುವುದೊಂದೇ ಸಾಲದು. ಕಾಯಿಲೆ ಹೇಗೆ ಹುಟ್ಟಿತು, ಹೇಗೆ ನಡೆಯಿತು, ಬಿಟ್ಟರೆ ಎಲ್ಲಿಗೆ ಹೋಗಿ ಮುಗಿಯುತ್ತದೆ, ಈ ಮೂರನ್ನೂ ಒಟ್ಟಿಗೆ ನೋಡಬೇಕು. 72ನೇ ಸೂತ್ರದ ಸಾರ ಇದೇ. ಅಕ್ಯೂಟ್ ಕಾಯಿಲೆ ಥಟ್ಟನೆ ಹಿಡಿದು, ಮಿತವಾದ ಕಾಲದಲ್ಲಿ ತನ್ನ ಓಟ ಮುಗಿಸುತ್ತದೆ, ವಾಸಿಯಾಗಿಯೋ ಸಾವಿನಲ್ಲೋ. ಕ್ರಾನಿಕ್ ಕಾಯಿಲೆ ಗಮನಕ್ಕೂ ಬಾರದಷ್ಟು ಸಣ್ಣದಾಗಿ ಶುರುವಾಗುತ್ತದೆ, ತನ್ನದೇ ರೀತಿಯಲ್ಲಿ ಬೆಳೆಯುತ್ತದೆ, ಶರೀರ ತಾನಾಗಿ ಅದನ್ನು ಮುಗಿಸಲಾರದು.

ಈಗ ಈ ಮಗುವಿನ ವಿಷಯ. "ಅದೇ ಬೇರೆ ಇದೇ ಬೇರೆ" ಎಂದು ಫೋನಿನಲ್ಲಿ ಹೇಳಿಬಿಡುವಂಥ ಸಂಗತಿ ಇದಲ್ಲ. 73ನೇ ಸೂತ್ರ ಓದಿದರೆ ಹಾನಿಮನ್ ಅಕ್ಯೂಟ್ ಎಂಬ ಒಂದೇ ಮಾತಿನ ಕೆಳಗೆ ಹಲವು ಬಗೆ ಇಟ್ಟಿರುವುದು ಕಾಣುತ್ತದೆ. ಅತಿಯಾಗಿ ತಿಂದು, ಚಳಿ ಹಿಡಿದು, ದಣಿದು ಒಬ್ಬೊಬ್ಬರಿಗೆ ಬರುವಂಥದ್ದು. ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಹವೆಯ ಕಾರಣದಿಂದ ಬರುವಂಥದ್ದು. ಊರಿಗೆ ಊರೇ ಮಲಗುವ ಸಾಂಕ್ರಾಮಿಕ. ಆ ಮೊದಲ ಬಗೆಯ ಬಗ್ಗೆ ಅವರು ಒಂದು ಮುಖ್ಯ ಮಾತು ಸೇರಿಸುತ್ತಾರೆ: ಹೊಸದೆಂದು ಕಾಣುವ ಇಂಥ ಕಾಯಿಲೆ ಬಹುಪಾಲು ಒಳಗೆ ಅಡಗಿದ್ದ ಹಳೆಯದು ಸ್ವಲ್ಪ ಕಾಲ ಭುಗಿಲೆದ್ದದ್ದು, ಆಮೇಲೆ ಮತ್ತೆ ಮಲಗುತ್ತದೆ. ಆ ಹಳೆಯದಕ್ಕೆ ಅವರಿಟ್ಟ ಹೆಸರು ಸೋರ. 1828ರಿಂದ ಪ್ರಕಟಿಸಿದ ದೀರ್ಘ ಕಾಯಿಲೆಗಳ ಗ್ರಂಥದಲ್ಲಿ ಅದನ್ನು ವಿಸ್ತರಿಸಿದರು. ರೋಗಾಣು ಯಾವುದೆಂದು ಗೊತ್ತಿರದ ಕಾಲದ ಕಲ್ಪನೆ ಅದು.  ಸೋರವನ್ನು ನೀವು ಒಪ್ಪದಿದ್ದರೂ ನಡೆಯುತ್ತದೆ. ಆದರೆ "ಹೊಸದಾಗಿ ಬಂದಂತೆ ಕಾಣುವುದೆಲ್ಲ ಹೊಸದಲ್ಲ" ಎಂಬ ನೋಟ ಅಸ್ತಮಾಕ್ಕೆ ಇಂದಿಗೂ ನಿಜ.

ನಾನಾದರೆ ತಾಯಿಯನ್ನು ಕೇಳುತ್ತಿದ್ದದ್ದು: ಮನೆಯಲ್ಲಿ ಬೇರೆ ಯಾರಿಗಾದರೂ ಇದೇ ಜ್ವರ ಇದೆಯೇ, ತರಗತಿಯಲ್ಲಿ ಎಷ್ಟು ಮಕ್ಕಳು ಬಂದಿಲ್ಲ? ಇದ್ದರೆ ಜ್ವರವೇನೋ ನಿಜವಾದ ಅಕ್ಯೂಟ್. ಆದರೆ ಅದೇ ವೈರಸ್ ಹತ್ತು ಮಕ್ಕಳಿಗೆ ಬರೀ ನೆಗಡಿ ಕೊಟ್ಟು, ಇವನೊಬ್ಬನ ಎದೆ ಬಿಗಿಸಿದರೆ, ಆ ಬಿಗಿತ ಹಳೆಯದರದ್ದು. ಹಾಗಾಗಿ ಈ ವಾರ ಅವನಿಗೆ ಎರಡೂ ಇದೆ, ಹೊಸ ಸೋಂಕು ಹಳೆಯ ಉಬ್ಬಸವನ್ನು ಎಬ್ಬಿಸಿದೆ. ಇನ್ನು ಬೇಸಿಗೆಯಲ್ಲಿ "ಏನೂ ಇಲ್ಲ" ಎಂದಿರಲ್ಲ, ಅದನ್ನೂ ಕೆದಕಿ ನೋಡಬೇಕು. ಓಡಿದ ಮೇಲೆ ಕೆಮ್ಮುತ್ತಾನೆಯೇ? ಬೆಳಿಗ್ಗೆ ಎದ್ದ ಕೂಡಲೇ ಸೀನುತ್ತಾನೆಯೇ? ಕೂಸಾಗಿದ್ದಾಗ ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಕಜ್ಜಿ ಇತ್ತೇ? ನಿಮ್ಮಲ್ಲಿ, ಅವರಪ್ಪನಲ್ಲಿ ಯಾರಿಗೆ ಅಲರ್ಜಿ? ಕಾಯಿಲೆ ಇದೆಯೋ ಇಲ್ಲವೋ ಎನ್ನುವುದು ಎರಡು ಉಬ್ಬಸಗಳ ನಡುವಿನ ತಿಂಗಳುಗಳಲ್ಲಿ ಗೊತ್ತಾಗುತ್ತದೆ.

ಸಿದ್ದಾಪುರ ರೈಟರ್:

ಡಾಕ್ಟ್ರಮ್ಮ, ನೀವು ಹೇಳಿದ್ದು ಓದಿ ನನಗೆ ಕಾಫಿಯ ಕೊಳೆರೋಗವೇ ಕಣ್ಣ ಮುಂದೆ ಬಂತು. ಜುಲೈನಲ್ಲಿ ಎಲೆ ಕಪ್ಪಾಗಿ ಬಲೆಗೆ ಸಿಕ್ಕಂತೆ ನೇತಾಡುವಾಗ ಈ ವರ್ಷದ ಮಳೆ ತಂದದ್ದು ಅನ್ನುತ್ತೇವೆ. ಆ ಬೂಷ್ಟು ಬೇಸಿಗೆಯೆಲ್ಲ ರೆಂಬೆಯಲ್ಲೇ ಕೂತಿರುತ್ತದೆ, ಮಳೆ ಬಿದ್ದಾಗ ಚಿಗುರುತ್ತದೆ ಅಷ್ಟೆ. ಅದಕ್ಕೇ ಗಿಡದ ನಡುವನ್ನು ಬಿಡಿಸಿ ಗಾಳಿ ಆಡಿಸುವುದು, ನೆರಳು ತೆಗೆಯುವುದು, ಬೂಷ್ಟು ಕೊಲ್ಲುವ ಬೋರ್ಡೋ ದ್ರಾವಣ ಹೊಡೆಯುವುದು ಎಲ್ಲ ಮಳೆಗೆ ಮುಂಚೆ. ಮಗುವಿಗೂ ಕೆಲಸ ಮಾಡಬೇಕಾದ್ದು ಮೇ ತಿಂಗಳಲ್ಲೇ ಅಂತಾಯಿತು.

ಇನ್ನೊಂದು ಮಾತು. ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಮಕ್ಕಳಿಗೆ ಕೆಮ್ಮು ಬಿಡುವುದೇ ಇಲ್ಲ. ಗೋಡೆ ಬೆವರುತ್ತದೆ, ಹಾಸಿಗೆಗೆ ಬೂಷ್ಟು, ಬಟ್ಟೆ ಒಣಗಲೆಂದು ಒಳಗೇ ಅಗ್ಗಿಷ್ಟಿಕೆ, ಹಸಿ ಸೌದೆಯ ಹೊಗೆ. ಇದು ಅಕ್ಯೂಟೂ ಅಲ್ಲ, ಕ್ರಾನಿಕ್ಕೂ ಅಲ್ಲ, ಮನೆಯ ಕಾಯಿಲೆ ಅಂತ ನನ್ನ ಅಭಿಪ್ರಾಯ.

ವಿರಾಜಪೇಟೆ ಹೋಮಿಯೋ ವೈದ್ಯೆ:

ರೈಟರ್ ಅಣ್ಣ, ನೀವು ಹೇಳಿದ್ದು 77ನೇ ಸೂತ್ರದಲ್ಲಿ ಹೆಚ್ಚುಕಡಿಮೆ ಹಾಗೇ ಇದೆ! ತಪ್ಪಿಸಬಹುದಾದ ಕೆಟ್ಟ ಪರಿಸರದಲ್ಲಿ ದಿನವೂ ಇರುವುದರಿಂದ, ಅನಾರೋಗ್ಯಕರ ಜಾಗದಲ್ಲಿ ಬದುಕುವುದರಿಂದ, ಗಾಳಿಯಾಡದ ಮನೆಯಲ್ಲೇ ಮುಚ್ಚಿಕೊಂಡು ಕೂರುವುದರಿಂದ, ಬಿಡದ ಚಿಂತೆಯಿಂದ ಬರುವ ಕಾಯಿಲೆಗಳನ್ನು ಕ್ರಾನಿಕ್ ಎಂದು ಕರೆಯುವುದೇ ತಪ್ಪು ಎನ್ನುತ್ತಾರೆ. ಒಳಗೆ ಬೇರೆ ಕಾಯಿಲೆ ಇಲ್ಲದಿದ್ದರೆ, ಬದುಕುವ ರೀತಿ ಸುಧಾರಿಸಿದ ಮೇಲೆ ಅವು ತಾವಾಗಿ ಹೋಗುತ್ತವೆ. ನನ್ನ ಕ್ಲಿನಿಕ್ಕಿಗೆ ಮಳೆಗಾಲದಲ್ಲಿ ಬರುವ ಕೆಮ್ಮಿನಲ್ಲಿ ಈ ಬಗೆಯದು ಬಹಳ. ಇಂಥವರಿಗೆ ಪೊಟೆನ್ಸಿ (ಮದ್ದನ್ನು ತೆಳುಮಾಡುವ ಹಂತ) ಏರಿಸುತ್ತಾ ಹೋಗುವುದು ರೋಗಿಗೂ ನ್ಯಾಯವಲ್ಲ, ಪದ್ಧತಿಗೂ ನ್ಯಾಯವಲ್ಲ. ಹೊಗೆ ಹೊರಗೆ ಹೋಗುವ ದಾರಿ ಆಗಬೇಕು. ಮಗು ಮಲಗುವ ಹಾಸಿಗೆ ಆ ಬೆವರುವ ಗೋಡೆಯಿಂದ ದೂರ ಬರಬೇಕು. ಲೈನ್ ಮನೆಯವರಿಗೆ ಇದು ಅವರ ಕೈಯಲ್ಲಿಲ್ಲ, ತೋಟದ ಮಾಲೀಕರು ಮಾಡಬೇಕಾದ ಕೆಲಸ. ಇದನ್ನು ನಾವೆಲ್ಲ ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

ಗೋಣಿಕೊಪ್ಪದ ಫಾರ್ಮಸಿಸ್ಟ್:

ಡಾಕ್ಟರ್ ಮೇಡಂ ಬರೆದದ್ದು ಪ್ರಾಮಾಣಿಕವಾಗಿದೆ, ಗೌರವದಿಂದಲೇ ಒಂದು ಪ್ರಶ್ನೆ. ಅಕ್ಯೂಟ್ ಕಾಯಿಲೆ ತಾನಾಗಿ ಓಟ ಮುಗಿಸುತ್ತದೆ ಎಂದು ನಿಮ್ಮ ಗ್ರಂಥವೇ ಹೇಳುತ್ತದೆ. ಹಾಗಾದರೆ ನಾಲ್ಕು ದಿನದ ಜ್ವರ ಗುಳಿಗೆ ತಿಂದ ಮೇಲೆ ಹೋಯಿತು ಎನ್ನುವುದು ಗುಳಿಗೆಗೆ ಸಾಕ್ಷಿಯಾಗುವುದು ಹೇಗೆ? ಈ ಹುಡುಗನ ಉಬ್ಬಸ ಪುತ್ತರಿಗೆ ಹೇಗೂ ನಿಲ್ಲುತ್ತದೆ. ಆಗಸ್ಟ್‌ನಲ್ಲಿ ಶುರು ಮಾಡಿದ ಯಾವ ಮದ್ದಿಗಾದರೂ ಡಿಸೆಂಬರ್‌ನಲ್ಲಿ ಹೆಸರು ಬರುತ್ತದೆ.

ಹೋಮಿಯೋ ಮದ್ದಿನ ಪೊಟೆನ್ಸಿ 30ಸಿ ಎಂದರೆ ನೂರರಲ್ಲಿ ಒಂದರಂತೆ ಮೂವತ್ತು ಸಲ ತೆಳುಮಾಡಿದ್ದು, ಅಂದರೆ ಒಂದರ ಮುಂದೆ ಅರವತ್ತು ಸೊನ್ನೆಯಷ್ಟು ಪಾಲಿನಲ್ಲಿ ಮೂಲ ವಸ್ತು ಒಂದು ಪಾಲು. ಅವೊಗಾಡ್ರೊ ಸಂಖ್ಯೆಯ ಪ್ರಕಾರ, ರಸಾಯನಶಾಸ್ತ್ರದ ಅಳತೆಯಾದ ಒಂದು ಮೋಲ್‌ನಲ್ಲಿರುವ ಅಣುಗಳ ಲೆಕ್ಕ ಇಪ್ಪತ್ನಾಲ್ಕು ಅಂಕಿಗೆ ಮುಗಿಯುತ್ತದೆ. 12ಸಿ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣುವೂ ಉಳಿಯುವ ಸಂಭವ ಕಡಿಮೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಹೋಮಿಯೋಪತಿ ಪರಿಣಾಮಕಾರಿ ಎನ್ನಲು ನಂಬಬಹುದಾದ ಆಧಾರವಿರುವ ಒಂದು ಕಾಯಿಲೆಯೂ ಇಲ್ಲ ಎಂದಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2017ರಲ್ಲಿ ಇನ್ನು ಬರೆದುಕೊಡಬೇಡಿ ಎಂದು ವೈದ್ಯರಿಗೆ ಸೂಚಿಸಿತು. ಯಾರ ನಂಬಿಕೆಯನ್ನೂ ನೋಯಿಸಲು ಇದನ್ನು ಹೇಳುತ್ತಿಲ್ಲ. ಸಕ್ಕರೆ ಗುಳಿಗೆಯಿಂದ ಕೆಡುಕಿಲ್ಲ, ಅದನ್ನು ನಂಬಿ ಪಫ್ ನಿಲ್ಲಿಸಿದರೆ ಕೆಡುಕು. ಅಂಗಡಿಯಲ್ಲಿ ಕೂತು ಅದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ವಿರಾಜಪೇಟೆ ಹೋಮಿಯೋ ವೈದ್ಯೆ:

ಸರ್, ಮೊದಲ ಭಾಗವನ್ನು ಪೂರ್ತಿ ಒಪ್ಪುತ್ತೇನೆ. ತಾನಾಗಿ ಮುಗಿಯುವ ಕಾಯಿಲೆ ಮುಗಿದದ್ದನ್ನು ಯಾವ ಪದ್ಧತಿಯವರೂ ತಮ್ಮ ಗೆಲುವು ಎಂದು ಬರೆದುಕೊಳ್ಳಬಾರದು. ಈ ಭೇದ ತಿಳಿದಿರಬೇಕಾದ ದೊಡ್ಡ ಕಾರಣ ಅದೇ. ಕ್ರಾನಿಕ್ ಕಾಯಿಲೆಯಲ್ಲಿ ಒಂದು ವಾರದ ಸುಧಾರಣೆಗೆ ಬೆಲೆಯಿಲ್ಲ. ಮಳೆಗಾಲವನ್ನು ಮಳೆಗಾಲದ ಜೊತೆಗೆ ಹೋಲಿಸಬೇಕು: ರಾತ್ರಿ ಎಷ್ಟು ಸಲ ಎದ್ದ, ಶಾಲೆಗೆ ಎಷ್ಟು ದಿನ ಹೋಗಲಿಲ್ಲ, ತುರ್ತು ಪಫ್ ಎಷ್ಟು ಸಲ ಬೇಕಾಯಿತು. ಅದಾದರೂ ಒಂದು ಮಗುವಿನ ಲೆಕ್ಕ, ಪುರಾವೆಯಲ್ಲ. ಎರಡನೇ ಭಾಗದಲ್ಲಿ ನಿಮಗೂ ನನಗೂ ಭಿನ್ನಾಭಿಪ್ರಾಯ ಉಳಿಯುತ್ತದೆ, ಆದರೆ ನೀವು ಕೊಟ್ಟ ಅಂಕಿಗಳಲ್ಲಿ ತಪ್ಪಿಲ್ಲ. ನನ್ನ ರೋಗಿಗಳಿಗೆ ಅವು ಗೊತ್ತಿರಲಿ ಎಂದೇ ಬಯಸುತ್ತೇನೆ.

ಪಫ್ ಮದ್ದನ್ನು ಕೆಡಿಸುತ್ತದೆ ಎನ್ನುವ ಮಾತು ನಮ್ಮವರಿಂದಲೇ ಹಬ್ಬಿದೆ. ಅದರಿಂದ ನನಗೆ ಬಹಳ ಸಂಕಟ. ಇನ್‌ಹೇಲರ್, ಇನ್ಸುಲಿನ್, ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ, ಇವನ್ನು ಹೋಮಿಯೋಗಾಗಿ ನಿಲ್ಲಿಸಬಾರದು. ಬಹುದಿನ ತೆಗೆದುಕೊಂಡ ಸ್ಟಿರಾಯ್ಡ್ ಮಾತ್ರೆ ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಬರಬಹುದು. ಇನ್ನೊಂದು ಅಪಾಯಕಾರಿ ಸಮಾಧಾನ, "ಮದ್ದು ಕೆಲಸ ಮಾಡುತ್ತಿದೆ, ಅದಕ್ಕೇ ಜಾಸ್ತಿಯಾಗಿದೆ" ಎನ್ನುವುದು. ಉಸಿರಾಟ ಹದಗೆಟ್ಟಾಗ ಅದನ್ನು ಯಾರು ಹೇಳಿದರೂ ಕೇಳಬೇಡಿ. ಹದಗೆಟ್ಟಿದೆ ಎಂದರೆ ಹದಗೆಟ್ಟಿದೆ.

ಸಿದ್ದಾಪುರ ರೈಟರ್:

ತಿರುಗುಮುರುಗಾಗುವುದೂ ಉಂಟು. ನಾಟಿ ಕೆಲಸ ಮಾಡಿ ಬಂದವರೊಬ್ಬರಿಗೆ ಜ್ವರ, ಮೀನಖಂಡದಲ್ಲಿ ಮುಟ್ಟಲಾಗದ ನೋವು, ಕಣ್ಣು ಕೆಂಪು. ಅವರಿಗೆ ಮೊದಲಿನಿಂದ ಕಾಲುನೋವು ಇತ್ತು ನೋಡಿ, ಹಳೇ ವಾತ ಎಂದು ಮನೆಯಲ್ಲೇ ಇಟ್ಟುಕೊಂಡರು. ಅದು ಇಲಿಜ್ವರ. ಆಸ್ಪತ್ರೆಗೆ ಹೋಗುವಾಗ ಕಣ್ಣು ಹಳದಿಯಾಗಿತ್ತು. ಪುಣ್ಯಕ್ಕೆ ಉಳಿದರು. ಹಳೇ ರೋಗಿ ಎಂದರೆ ಹೊಸ ರೋಗ ಬಾರದು ಎಂದೇನಿಲ್ಲವಲ್ಲ.

ಮಡಿಕೇರಿ ಸಿಸ್ಟರ್:

ಅಣ್ಣ ಹೇಳಿದ್ದು ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಗದ್ದೆಗೆ ಇಳಿದವರಿಗೆ ಜ್ವರ ಬಂದರೆ ರಕ್ತ ಪರೀಕ್ಷೆ ಆಗಲೇಬೇಕು. ಡೆಂಗ್ಯೂವಿನಲ್ಲಿ ಜ್ವರ ಇಳಿಯಿತು, ವಾಸಿಯಾಯಿತು ಎನ್ನುವಾಗಲೇ ಅಪಾಯ ಬರುವುದು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು ಕಂಡರೆ ಕೂಡಲೇ ಬನ್ನಿ.

ಕಾಲದ ಗೆರೆ ಎಲ್ಲ ಕಾಯಿಲೆಗೂ ಒಂದೇ ಅಲ್ಲ. ಮಕ್ಕಳಲ್ಲಿ ಕೆಮ್ಮು 4 ವಾರ ದಾಟಿದರೆ, ದೊಡ್ಡವರಲ್ಲಿ 8 ವಾರ ದಾಟಿದರೆ ಕ್ರಾನಿಕ್ ಎನ್ನುತ್ತಾರೆ. ಪಿತ್ತದ ಗಂಧೆ 6 ವಾರ ದಾಟಿದರೆ. ಹೆಪಟೈಟಿಸ್ ಬಿ ಆದರೆ 6 ತಿಂಗಳು. ಆದರೆ ಎರಡು ವಾರ ಕೆಮ್ಮಿದರೆ ಸಾಕು, ಕ್ಷಯಕ್ಕೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚಿಲ್ಲ. ಯಾವ ಗುಳಿಗೆ ತಿನ್ನುತ್ತಿದ್ದರೂ ಸರಿ.

ಶನಿವಾರಸಂತೆ ಮೇಷ್ಟ್ರು:

ಡಾಕ್ಟ್ರೇ, ನನಗೆ ಹುಡುಗನಿದ್ದಾಗ ಕಜ್ಜಿಗೆ ಮುಲಾಮು ಹಚ್ಚಿ ಒಳಗೆ ತಳ್ಳಿದ್ದರಿಂದ ಮುಂದೆ ದಮ್ಮು ಬಂತು ಎಂದು ಹಿಂದಿನ ವೈದ್ಯರೊಬ್ಬರು ಹೇಳಿದ್ದರು. ಅದು ನಿಜವೇ?

ವಿರಾಜಪೇಟೆ ಹೋಮಿಯೋ ವೈದ್ಯೆ:

ನಮ್ಮ ಹಳೆಯ ಗ್ರಂಥಗಳಲ್ಲಿ ಆ ವಾದ ಇದೆ ಮೇಷ್ಟ್ರೇ. ಆದರೆ ಅಲರ್ಜಿಯ ಒಲವು ಇರುವ ಮಕ್ಕಳಲ್ಲಿ ಮೊದಲು ಚರ್ಮ, ಆಮೇಲೆ ಮೂಗು, ಎದೆ ಎಂಬ ಅನುಕ್ರಮ ಮುಲಾಮು ಮುಟ್ಟದವರಲ್ಲೂ ಕಾಣುತ್ತದೆ. ಒಂದೇ ಒಲವಿನ ಬೇರೆ ಬೇರೆ ವಯಸ್ಸಿನ ರೂಪಗಳು. ಮುಲಾಮನ್ನು ದೂರುವುದು ಬೇಡ.

ಕಾವೇರಿತೀರ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ನೆಬುಲೈಸರ್ ಹಾಕಿ, ಎರಡು ರಾತ್ರಿ ಇಟ್ಟುಕೊಂಡರು. ಈಗ ಮನೆಯಲ್ಲಿದ್ದಾನೆ, ನಿನ್ನೆ ರೊಟ್ಟಿ ತಿಂದ. ಮಕ್ಕಳ ಡಾಕ್ಟರು ಇದು ಅಸ್ತಮಾ ಎಂದೇ ಹೇಳಿದರು. ಉಸಿರುಕೊಳವೆಯ ಊತ ಒಳಗೆ ಉಳಿದಿರುತ್ತದೆ, ಉಬ್ಬಸ ಬಂದಾಗ ಮಾತ್ರ ಮದ್ದು ಕೊಟ್ಟರೆ ಸಾಲದು ಎಂದು ದಿನವೂ ಎಳೆಯುವ ಪಫ್ ಒಂದು, ತುರ್ತಿಗೆ ಒಂದು ಕೊಟ್ಟು, ಸ್ಪೇಸರ್ (ಪಫ್‌ಗೆ ಸಿಕ್ಕಿಸುವ ಕೊಳವೆ) ಹಿಡಿಯುವುದನ್ನು ತೋರಿಸಿದರು. ವೈದ್ಯೆ ಕೇಳಿದ ಪ್ರಶ್ನೆಗಳು ತಲೆಯಲ್ಲಿದ್ದವು. ಹೌದು, ಓಡಿದ ಮೇಲೆ ಕೆಮ್ಮುತ್ತಾನೆ. ದಣಿವಿಗೆ ಎಂದುಕೊಂಡಿದ್ದೆವು. ಕೂಸಾಗಿದ್ದಾಗ ಕಜ್ಜಿಯೂ ಇತ್ತು. ಮಾವನವರೂ ಆಸ್ಪತ್ರೆಗೆ ಬಂದು ನೋಡಿ ಪಫ್ ವಿಷಯ ಈಗ ಮಾತಾಡುತ್ತಿಲ್ಲ.

ಹೋಮಿಯೋ ಗುಳಿಗೆ ಮುಂದುವರಿಸುತ್ತೇವೆ, ಆದರೆ ಪಫ್ ಕೊಡುತ್ತಿರುವುದನ್ನು ಆ ವೈದ್ಯರಿಗೂ ಹೇಳುತ್ತೇನೆ, ಗುಳಿಗೆಯ ವಿಷಯ ಮಕ್ಕಳ ಡಾಕ್ಟರಿಗೂ ಹೇಳಿದ್ದೇನೆ. ಮಲಗುವ ಕೋಣೆಯ ಅಗ್ಗಿಷ್ಟಿಕೆ ಅಡುಗೆಮನೆಗೆ ಹೋಯಿತು.

ವಿರಾಜಪೇಟೆ ಹೋಮಿಯೋ ವೈದ್ಯೆ:

ಓದಿ ನೆಮ್ಮದಿಯಾಯಿತು. ಮಳೆ ಮುಗಿದು ಮಗು ಚೆನ್ನಾಗಿದ್ದಾನೆ ಎಂದು ದಿನದ ಪಫ್ ನೀವಾಗಿ ಬಿಡಬೇಡಿ. ಡೋಸ್ ಇಳಿಸುವುದನ್ನು ಮಕ್ಕಳ ಡಾಕ್ಟರೇ ನಿರ್ಧರಿಸಲಿ. ಪಫ್ ಎಳೆದ ಮೇಲೆ ಬಾಯಿ ಮುಕ್ಕಳಿಸಲಿ. ನಿಮ್ಮ ಹೋಮಿಯೋ ವೈದ್ಯರಿಗೆ ಈ ಸಲದ ಡಿಸ್ಚಾರ್ಜ್ ಚೀಟಿ ತೋರಿಸಿ, ಹಳೆಯ ಕೇಸ್ ಕಾಗದಕ್ಕೇ ಅದನ್ನು ಸೇರಿಸಲು ಹೇಳಿ.

ಶನಿವಾರಸಂತೆ ಮೇಷ್ಟ್ರು:

ಇಷ್ಟೆಲ್ಲ ಓದಿದ ಮೇಲೆ ಒಂದು ಕೇಳಲೇಬೇಕು. ನಮ್ಮ ಮನೆಯವರಿಗೆ ತೋಟದಲ್ಲಿ ಜಿಗಣೆ ಕಚ್ಚಿದ ಗಾಯ ಪಾದದ ಮೇಲೆ ಮೂರು ವಾರವಾದರೂ ಒಣಗಿಲ್ಲ. ಸಕ್ಕರೆ ಕಾಯಿಲೆ ಇದೆ. ಗಾಯ ಹೊಸದು, ಹಾಗಾಗಿ ಅಕ್ಯೂಟ್ ಎಂದು ನಾನೇ ಗುಳಿಗೆ ಕೊಡುತ್ತಿದ್ದೆ.

ಮಡಿಕೇರಿ ಸಿಸ್ಟರ್:

ಮೇಷ್ಟ್ರೇ, ಗಾಯ ಹೊಸದು, ಅದನ್ನು ಒಣಗಲು ಬಿಡದಿರುವುದು ಹಳೆಯದು. ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸುತ್ತ ಕೆಂಪಾಗಿ ಬಿಸಿಯಾಗಿದ್ದರೆ, ವಾಸನೆ ಇದ್ದರೆ, ಬೆರಳು ಕಪ್ಪಾಗಿದ್ದರೆ ನಾಳೆಯವರೆಗೂ ಬೇಡ, ಈಗಲೇ. ಬರಿಗಾಲಲ್ಲಿ ಓಡಾಡಲು ಬಿಡಬೇಡಿ, ಪಾದವನ್ನು ಬಿಸಿನೀರಿನಲ್ಲಿ ಇಡಬೇಡಿ, ಸ್ಪರ್ಶ ಕಮ್ಮಿಯಾಗಿದ್ದರೆ ಸುಟ್ಟರೂ ತಿಳಿಯುವುದಿಲ್ಲ. ಹಳೆಯ ರಿಪೋರ್ಟು, ಈಗ ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ. ಆ ಹೊತ್ತಿನ ಸಕ್ಕರೆಯ ಜೊತೆಗೆ ಎಚ್‌ಬಿಎ1ಸಿ ಕೂಡ ಮಾಡಿಸಿ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಅದರಲ್ಲಿ ಸಿಗುತ್ತದೆ. ಅದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದೇ ಹೊರಡಿ.